ವಿಶ್ವೇಶ್ವರಯ್ಯನವರ ಸ್ಮಾರಕವೂ ನಮ್ಮ ಹೊಣೆಯೂ

ಮಹನೀಯರ ಸ್ಮರಣೆ ಎರಡು ಬಗೆಯಲ್ಲಿ ಉಳಿಯುತ್ತದೆ. ಒಂದು ಕಲ್ಲು-ಕಂಚುಗಳಲ್ಲಿ, ಇನ್ನೊಂದು ಅವರು ಮಾಡಿಟ್ಟ ಕಾರ್ಯಗಳಲ್ಲಿ. ಕಲ್ಲಿನ ಸ್ಮಾರಕಕ್ಕೆ ವರ್ಷಕ್ಕೊಮ್ಮೆ ಮಾಲೆ ಹಾಕಿ ಕೈಮುಗಿದರೆ ಕರ್ತವ್ಯ ಮುಗಿಯಿತೆಂದು ನಾವು ಭಾವಿಸುತ್ತೇವೆ. ಕಾರ್ಯರೂಪದ ಸ್ಮಾರಕವಾದರೋ ದಿನನಿತ್ಯದ ಸೇವೆಯನ್ನು ಬೇಡುತ್ತದೆ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವಿಷಯದಲ್ಲಿ ಈ ಎರಡನ್ನೂ ಕೂಡಿಸಿ ನೋಡುವುದು ಉಚಿತ.

1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿ, 1962ರ ಏಪ್ರಿಲ್ ತಿಂಗಳಿನಲ್ಲಿ ದೇಹವಿಟ್ಟ ಈ ಶತಾಯುಷಿಗೆ ಹುಟ್ಟೂರಿನಲ್ಲಿ ಸಮಾಧಿಯಿದೆ. ಅವರು ಬಾಳಿದ ಮನೆಯೂ ಸ್ಮಾರಕವಾಗಿದೆ. ಆದರೆ ಅವರ ಸ್ವಭಾವಕ್ಕೆ ಹೆಚ್ಚು ಒಪ್ಪುವ ಸ್ಮಾರಕವಿರುವುದು ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು 1962ರ ಜುಲೈ 14ರಂದು ಉದ್ಘಾಟಿಸಿದರು. 1965ರಲ್ಲಿ ವಿದ್ಯುಚ್ಛಕ್ತಿಯನ್ನು ಕುರಿತ ಮೊದಲ ವಿಭಾಗ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಮಕ್ಕಳು ಗುಂಡಿಯೊತ್ತಿ, ಹಿಡಿಕೆ ತಿರುಗಿಸಿ, ಚಕ್ರಕ್ಕೆ ಚಕ್ರ ಹೇಗೆ ಚಲನೆ ಕೊಡುತ್ತದೆಂಬುದನ್ನು ಕಣ್ಣಾರೆ ಕಾಣುತ್ತಾರೆ. ಮುಟ್ಟಬಾರದೆಂದು ಗದರಿಸುವ ಸ್ಮಾರಕ ಅದಲ್ಲ, ಮುಟ್ಟಿ ತಿಳಿಯಿರೆಂದು ಕರೆಯುವ ಸ್ಮಾರಕ. ಅಲ್ಲಿಂದ ಹೊರಡುವ ಸಂಚಾರಿ ವಿಜ್ಞಾನ ಪ್ರದರ್ಶನದ ವಾಹನಗಳು ಹಳ್ಳಿಯ ಶಾಲೆಗಳ ಅಂಗಳಕ್ಕೂ ಬರುತ್ತವೆ.

ವಿಶ್ವೇಶ್ವರಯ್ಯನವರೆಂದರೆ ಕನ್ನಂಬಾಡಿ ಕಟ್ಟೆ, ಮೈಸೂರಿನ ದಿವಾನಗಿರಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ, ಇವು ನಮ್ಮ ನೆನಪಿಗೆ ಬರುತ್ತವೆ. ಅವರು ಹೊಸದನ್ನು ಕಂಡುಹಿಡಿದ ಯಂತ್ರಶಿಲ್ಪಿಯೂ ಹೌದೆಂಬುದನ್ನು ಅನೇಕರು ಮರೆತಿದ್ದಾರೆ. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ಅವರು ಸ್ವಯಂಚಾಲಿತ ತೂಬುಬಾಗಿಲುಗಳನ್ನು ರೂಪಿಸಿ ಅದಕ್ಕೆ ಹಕ್ಕುಪತ್ರ ಪಡೆದರು. 1903ರಲ್ಲಿ ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವನ್ನು ಮೊದಲು ಅಳವಡಿಸಲಾಯಿತು. ಅದರ ಮರ್ಮ ಸರಳ. ಕಟ್ಟೆಯನ್ನು ಎತ್ತರಿಸದೆ, ಹೆಚ್ಚುವರಿ ನೀರು ಹರಿದುಹೋಗುವ ಕೋಡಿಯ ಮೇಲೆ ಬಾಗಿಲು ನಿಲ್ಲಿಸಿದರೆ ಇನ್ನಷ್ಟು ನೀರು ನಿಲ್ಲುತ್ತದೆ. ಆದರೆ ಪ್ರವಾಹ ಬಂದಾಗ ಬಾಗಿಲು ತೆರೆಯದಿದ್ದರೆ ಕಟ್ಟೆಗೇ ಅಪಾಯ. ಆದುದರಿಂದ ನೀರು ಗೊತ್ತಾದ ಮಟ್ಟ ಮೀರಿದೊಡನೆ ತಾನಾಗಿ ತೆರೆಯುವ, ಇಳಿದೊಡನೆ ತಾನಾಗಿ ಮುಚ್ಚುವ ಬಾಗಿಲನ್ನು ಅವರು ಮಾಡಿದರು. ಗ್ವಾಲಿಯರಿನ ತಿಗ್ರಾ ಜಲಾಶಯಕ್ಕೂ ನಮ್ಮ ಕನ್ನಂಬಾಡಿಗೂ ಅದೇ ವಿಧಾನ ಬಂದಿತು. ಸಂಗ್ರಹವೂ ಬೇಕು, ಸುರಕ್ಷತೆಯೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಲಿಗೊಡಬಾರದೆಂಬ ವಿವೇಕ ಆ ಬಾಗಿಲಿನಲ್ಲಿದೆ.

ಕೆರೆಕಟ್ಟೆಗಳ ಕಾಯಕ ನಮ್ಮ ಪರಂಪರೆಗೆ ಹೊಸದಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ನಾವು ಯೋಗಿಗಳೆಂದು ಪೂಜಿಸುತ್ತೇವೆ. ಜಲವನ್ನು ಜನಕ್ಕೆ ಸಲ್ಲಿಸುವುದೂ ಒಂದು ದಾಸೋಹವೆಂಬ ಅರಿವು ಅದರ ಹಿಂದಿದೆ. ಹಂಪಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಗದ್ದೆ-ತೋಟಗಳಿಗೆ ನೀರುಣಿಸುತ್ತಿವೆ. ಅವುಗಳ ಹೂಳನ್ನು ತಲೆಮಾರುಗಳುದ್ದಕ್ಕೂ ತೆಗೆದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆದರೆ ಅವರಿಲ್ಲದೆ ಕಟ್ಟಿಸಿದ ಅರಸರ ಹೆಸರೂ ಉಳಿಯುತ್ತಿರಲಿಲ್ಲ.

ಬಾಲ್ಯದಲ್ಲಿ ಮಠದ ವಿದ್ಯಾರ್ಥಿಗಳಾಗಿದ್ದ ನಮ್ಮನ್ನು ಗುರುಗಳು ಒಮ್ಮೆ ತುಂಗಭದ್ರಾ ಅಣೆಕಟ್ಟೆಗೆ ಕರೆದೊಯ್ದಿದ್ದರು. ಈ ನೀರನ್ನು ತಡೆದಿರುವುದು ಯಾವುದೆಂದು ಕೇಳಿದರು. ಗೋಡೆಯೆಂದೆವು. ಗೋಡೆಯನ್ನು ನೋಡಿಕೊಳ್ಳುವವರ ಎಚ್ಚರವೆಂದು ಅವರು ತಿದ್ದಿದರು. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದುದು 2024ರ ಆಗಸ್ಟ್ 10ರ ರಾತ್ರಿಯ ಅನಂತರ.

ಅಂದು ಜಲಾಶಯ ತುಂಬಿತ್ತು. ಎಮ್ಮಿಗನೂರು, ಕಂಪ್ಲಿ ಕಡೆಯ ಒಕ್ಕಲು ಮಕ್ಕಳು ಭತ್ತದ ಫಸಲಿನ ಭರವಸೆಯಲ್ಲಿದ್ದರು. 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು, ಬಾಗಿಲು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಬೆಳೆಗೆಂದು ಕೂಡಿಟ್ಟ ನೀರು ಕಣ್ಣೆದುರೇ ಹೊಳೆಯಾಗಿ ಹರಿಯಿತು. 1945ರಲ್ಲಿ ಶಂಕುಸ್ಥಾಪನೆಗೊಂಡು 1953ರಲ್ಲಿ ಪೂರ್ಣಗೊಂಡ ಕಟ್ಟೆಯ ಬಾಗಿಲಿಗೆ ಆಗ ಎಪ್ಪತ್ತು ವರ್ಷ ಮೀರಿತ್ತು. ಮೊದಲು 133 ಟಿಎಂಸಿಯಷ್ಟಿದ್ದ ಜಲಾಶಯದ ಸಾಮರ್ಥ್ಯವೂ ಹೂಳಿನಿಂದಾಗಿ 105 ಟಿಎಂಸಿಯ ಆಸುಪಾಸಿಗೆ ಇಳಿದಿತ್ತು. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಬಾಗಿಲಿನ ಭಾಗಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದೊಳಗೆ ನೀರನ್ನು ತಡೆಯಲಾಯಿತು. ಮುಂದೆ ಮಳೆಯೂ ಕೈಹಿಡಿದುದರಿಂದ ಜಲಾಶಯ ಮತ್ತೆ ತುಂಬಿತು. ಪ್ರಾಣದ ಹಂಗು ತೊರೆದು ದುಡಿದ ಆ ಕಾರ್ಮಿಕರು ಅಂದು ವಿಶ್ವೇಶ್ವರಯ್ಯನವರಿಗೆ ಸಲ್ಲಿಸಿದ ಗೌರವ ಯಾವ ಪುಷ್ಪಮಾಲೆಗೂ ಕಡಿಮೆಯದಲ್ಲ.

ಆದರೆ ಸರಪಳಿ ಕಡಿದ ಮೇಲೆ ತೋರಿದ ಶ್ರದ್ಧೆ, ಕಡಿಯುವ ಮೊದಲೇ ಇರಬೇಕಾಗಿತ್ತಲ್ಲವೇ? ಸವೆದ ಕೊಂಡಿಯನ್ನು ಬದಲಿಸಿದವನಿಗೆ ಯಾರೂ ಸನ್ಮಾನ ಮಾಡುವುದಿಲ್ಲ, ಏಕೆಂದರೆ ಅವನಿಂದಾಗಿ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಂತೆ ಕಾಯುವುದೇ ಯಂತ್ರಶಿಲ್ಪದ ಪರಮ ಗುಣ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಉದ್ಯೋಗದಲ್ಲಿ ಪಾಲು ಕೊಡುವ ಪ್ರಶ್ನೆ ಬಂದಾಗ, ಅರ್ಹತೆಯೊಂದೇ ಮಾನದಂಡವಾಗಬೇಕೆಂಬ ನಿಲುವು ದಿವಾನರದಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಬಿಡುಗಡೆ ಪಡೆದರು. ಆ ಸಮಿತಿಯಿಂದ ನಮ್ಮವರೂ ಸೇರಿದಂತೆ ಅನೇಕ ಸಮುದಾಯಗಳಿಗೆ ವಿದ್ಯೆ ಮತ್ತು ಉದ್ಯೋಗದ ಹಾದಿ ತೆರೆಯಿತು. ಈ ವಿಷಯದಲ್ಲಿ ಮಹಾರಾಜರ ದೃಷ್ಟಿ ಹೆಚ್ಚು ವಿಶಾಲವಾಗಿತ್ತೆಂದು ನಾನು ನಂಬಿದ್ದೇನೆ. ಹಾಗೆಂದು ದಿವಾನರ ಋಣ ಕಡಿಮೆಯಾಗುವುದಿಲ್ಲ. ಮಹನೀಯರನ್ನು ದೇವರಾಗಿಸದೆ ಮನುಷ್ಯರಾಗಿಯೇ ಗೌರವಿಸಿದರೆ, ಅವರಿಂದ ಕಲಿಯುವುದು ಸುಲಭವಾಗುತ್ತದೆ.

ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ. ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಆ ಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಹೆಣ್ಣುಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಮರಳಿ ಬಂದ ಮೇಲೆ ನಿಮ್ಮೂರ ಕಾಲುವೆಯ ತೂಬಿನ ಬಳಿ ನಿಲ್ಲಿಸಿ, ಇದನ್ನು ಯಾರು ತೆರೆಯುತ್ತಾರೆ, ಯಾರು ಮುಚ್ಚುತ್ತಾರೆ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂದು ಕೇಳಿರಿ. ಉತ್ತರ ತಿಳಿಯದಿದ್ದರೆ ಮಕ್ಕಳೊಡನೆ ನೀವೂ ಹೋಗಿ ವಿಚಾರಿಸಿರಿ. ಸೆಪ್ಟೆಂಬರ್ 15ರಂದು ಭಾವಚಿತ್ರಕ್ಕೆ ಹೂವೇರಿಸುವ ನಮ್ಮ ಸಂಘ-ಸಂಸ್ಥೆಗಳು ಅದೇ ದಿನ ಊರಿನ ತೂಬೊಂದರ ಕಸ ತೆಗೆದು, ಕೀಲಿಗೆ ಎಣ್ಣೆ ಹಾಕಿಸಲಿ. ಆ ಹಿರಿಯರಿಗೆ ಅದು ನಿಜವಾಗಿ ಸಲ್ಲುವ ಪೂಜೆ.