ಒಂದೇ ಕಿಲ್ನ್‌ನಲ್ಲಿ ಎರಡು ಕಡಲುಗಳ ಇಂಗಾಲ

ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ ಓಡಾಡುವವರು ನಿಜಕ್ಕೂ ತುಳಿಯುವುದು ಹಳೆಯ ಕಡಲೊಂದರ ತಳವನ್ನು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತುವಾಗಿರುವ ಸುಣ್ಣದಕಲ್ಲೂ ಅದೇ. ಅದರ ವಯಸ್ಸು 54 ಕೋಟಿ ವರ್ಷಕ್ಕೂ ಹೆಚ್ಚು. ಇತ್ತ ಕಡಲ ನಡುವಿನ ತೈಲಕ್ಷೇತ್ರ ಬಾಂಬೆ ಹೈನಲ್ಲಿ 1974ರಲ್ಲಿ ಸಿಕ್ಕ ತೈಲ ಅಡಗಿದ್ದೂ ಸುಣ್ಣದಕಲ್ಲಿನಲ್ಲೇ. ಹಾಗಾದರೆ ಸೇಡಂನ ನೆಲದಡಿ ಪೆಟ್ರೋಲ್ ಏಕಿಲ್ಲ?

ಕಡಲಿದ್ದರಷ್ಟೇ ಸಾಲದು. ಸತ್ತ ಪಾಚಿ, ಸೂಕ್ಷ್ಮಜೀವಿಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೊಳೆಯದೆ ಹೂತುಹೋಗಬೇಕು. ಮೇಲೆ ಪದರ ಪದರವಾಗಿ ಹೂಳು ಬಿದ್ದು ಒತ್ತಿದಾಗ ಅವು ಕೆರೋಜನ್ ಎಂಬ ಗಟ್ಟಿ ಪದಾರ್ಥವಾಗುತ್ತವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಲೋಮೀಟರ್ ಆಳದಲ್ಲಿ, ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ಕಾವಿಗೆ, ಲಕ್ಷಾಂತರ ವರ್ಷಗಳಲ್ಲಿ ಅದು ಒಡೆದು ತೈಲವಾಗುತ್ತದೆ. ಕಾವು ಇನ್ನೂ ಏರಿದರೆ ಅನಿಲ. ಹುಟ್ಟಿದ ತೈಲ ಮೇಲೇರಿ ಸೋರಿಹೋಗದಂತೆ ತಡೆಯುವ ಬಿಗಿಯಾದ ಬಂಡೆಯೂ ಬೇಕು. ಕಲ್ಲು ಹಳೆಯದಾಯಿತೆಂಬುದು ಅಡ್ಡಿಯಲ್ಲ. ಒಮಾನ್‌ನಲ್ಲಿ ಇಷ್ಟೇ ಪುರಾತನ ಶಿಲೆಗಳಿಂದ ತೈಲ ಬಂದಿದೆ. ಆದರೆ ಸೇಡಂ ಸುತ್ತಲ ಭೀಮಾ ನದಿ ತೀರದ ಈ ಶಿಲಾಪದರಗಳ ಒಟ್ಟು ದಪ್ಪವೇ ಸುಮಾರು 300 ಮೀಟರ್. ಅಷ್ಟು ಕಡಿಮೆ ಆಳದಲ್ಲಿ ತೈಲಕ್ಕೆ ಬೇಕಾದ ಕಾವು ಸಿಗುವುದಿಲ್ಲ.

ಆದರೂ ಪೆಟ್ರೋಲಿಯಂ ಈ ಊರುಗಳಿಗೆ ಲೋಡುಗಟ್ಟಲೆ ಬರುತ್ತದೆ, ಕಪ್ಪು ಪೆಟ್‌ಕೋಕ್ ರೂಪದಲ್ಲಿ.

ಕಚ್ಚಾ ತೈಲ ಬೇರೆ ಬೇರೆ ಉದ್ದದ ಇಂಗಾಲದ ಸರಪಳಿಗಳ ಮಿಶ್ರಣ. ಸಂಸ್ಕರಣಾಗಾರದಲ್ಲಿ ಕಾಯಿಸಿದಾಗ ಗಿಡ್ಡ ಸರಪಳಿಗಳು ಬೇಗ ಆವಿಯಾಗುತ್ತವೆ. ಮೂರು ನಾಲ್ಕು ಇಂಗಾಲದವು ಅಡುಗೆ ಅನಿಲ. ಐದರಿಂದ ಹನ್ನೆರಡರ ಆಸುಪಾಸಿನವು ಪೆಟ್ರೋಲ್. ಆಮೇಲೆ ಸೀಮೆಎಣ್ಣೆ, ಡೀಸೆಲ್. ಇವುಗಳ ಗಡಿಗಳು ಒಂದರ ಮೇಲೊಂದು ಹಾಯುತ್ತವೆ. ಎಲ್ಲ ಹೋದ ಮೇಲೆ ಉಳಿದ ದಪ್ಪ ಗಷ್ಟನ್ನು ಕೋಕರ್ ಘಟಕದಲ್ಲಿ 500 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಇನ್ನಷ್ಟು ಎಣ್ಣೆ ಹೊರಟು, ತಳದಲ್ಲಿ ಪೆಟ್‌ಕೋಕ್ ನಿಲ್ಲುತ್ತದೆ. ಮಂಗಳೂರಿನ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲೂ ಇಂಥ ಘಟಕವಿದೆ.

ಪೆಟ್‌ಕೋಕ್‌ನಲ್ಲಿ ಬೂದಿ ತೀರ ಕಡಿಮೆ, ಶಾಖ ನಮ್ಮ ಕಲ್ಲಿದ್ದಲಿಗಿಂತ ಬಹಳ ಹೆಚ್ಚು. ಕೆಡುಕು ಗಂಧಕದ್ದು. ಬಾಯ್ಲರ್‌ನಲ್ಲಿ ಉರಿಸಿದರೆ ಆ ಗಂಧಕ ಹೊಗೆಯಾಗಿ ಊರಿಗೆ ಬರುತ್ತದೆ. ಸುಣ್ಣದಕಲ್ಲನ್ನು 1450 ಡಿಗ್ರಿಗೆ ಸುಡುವ ಸಿಮೆಂಟ್ ಕಿಲ್ನ್‌ನಲ್ಲಾದರೆ ಅದರ ಬಹುಭಾಗವನ್ನು ಸುಣ್ಣವೇ ಹಿಡಿದು, ಪುಡಿ ಮಾಡಿದರೆ ಸಿಮೆಂಟಾಗುವ ಕ್ಲಿಂಕರ್‌ನೊಳಗೆ ಸೇರಿಸಿಕೊಳ್ಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಧನಕ್ಕಾಗಿ ಪೆಟ್‌ಕೋಕ್ ಆಮದನ್ನು ನಿಷೇಧಿಸಿದಾಗಲೂ ಸಿಮೆಂಟಿಗೆ ವಿನಾಯಿತಿ ಕೊಟ್ಟಿತು. ರಸಾಯನಶಾಸ್ತ್ರದ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ.

ಇಂಗಾಲದ ಲೆಕ್ಕ ಬೇರೆ. ಕಡಲು ಇಂಗಾಲವನ್ನು ತೈಲವಾಗಿಯೂ ಹೂತಿತ್ತು, ಸುಣ್ಣದಕಲ್ಲಾಗಿಯೂ ಹೂತಿತ್ತು. ಕಿಲ್ನ್ ಎರಡನ್ನೂ ಒಟ್ಟಿಗೆ ಬಿಡಿಸುತ್ತದೆ. ಒಂದು ಟನ್ ಶುದ್ಧ ಸುಣ್ಣದಕಲ್ಲು ಸುಟ್ಟಾಗ ಕಲ್ಲಿನಿಂದಲೇ 440 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಧನದ್ದಲ್ಲ, ಕಲ್ಲಿನದು.