ರಾಜಾನುಕುಂಟೆಯ ಭಾನುವಾರಕ್ಕೊಂದು ಪಂಚಾಂಗ

ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ಸಿಗುವ ರಾಜಾನುಕುಂಟೆ ಈಗ ಪೂರ್ತಿ ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ. ಇಟಗಲ್‌ಪುರದ ಕಡೆ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಹೊಸ ಅಪಾರ್ಟ್‌ಮೆಂಟ್‌ಗಳಿಗೆ ಬಂದು ನೆಲೆಸಿದವರು, ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವವರು. ಇವರ ನಡುವೆ ರಾಗಿ ಹೊಲವನ್ನು ಇನ್ನೂ ಮಾರದೆ ಉಳಿಸಿಕೊಂಡ ಹಳೆಯ ಮನೆತನಗಳು. ಭಾನುವಾರ ಬಂತೆಂದರೆ ಮೊದಲ ಮೂರು ಗುಂಪಿನವರ ದೂರು ಒಂದೇ: "ಇಲ್ಲಿ ಮಾಡೋಕೆ ಏನೂ ಇಲ್ಲ ಕಣ್ರೀ." ಹಳೆಯ ಮನೆತನದವರು ಈ ಮಾತು ಆಡುವುದು ಕಡಿಮೆ. ಯಾವ ತಿಂಗಳಲ್ಲಿ ಯಾವ ಊರಿಗೆ ಹೋದರೆ ಏನು ಸಿಗುತ್ತದೆ ಎಂಬುದು ಅವರಿಗೆ ಗೊತ್ತು.

ದೊಡ್ಡ ನಗರದ ಮನರಂಜನೆಗೆ ವಿಳಾಸ ಇರುತ್ತದೆ. ಮಾಲ್, ಸಿನಿಮಾ ಥಿಯೇಟರ್, ಪಾರ್ಕು ವರ್ಷವಿಡೀ ತೆರೆದಿರುತ್ತವೆ, ಮನಸ್ಸಾದಾಗ ಹೋದರಾಯಿತು. ಸಣ್ಣ ಊರಿನದಕ್ಕೆ ತಿಥಿ ಇರುತ್ತದೆ. ಆ ದಿನ ಹೋದರೆ ಕಾಲಿಡಲು ಜಾಗವಿಲ್ಲ, ಮರುದಿನ ಹೋದರೆ ಬರೀ ಬಯಲು. ಅದಕ್ಕೇ ಫೋನಿನ ಮ್ಯಾಪಿನಲ್ಲಿ ಹುಡುಕಿದವರಿಗೆ ರೆಸಾರ್ಟು, ಡಾಬಾ ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಈ ಸೀಮೆಯ ಸಂತೋಷಗಳನ್ನು ಹಿಡಿಯಲು ಬೇಕಾದ್ದು ಒಂದು ಕ್ಯಾಲೆಂಡರು, ರೈಲಿನ ವೇಳಾಪಟ್ಟಿ, ಮತ್ತು ಬಸ್ ಸ್ಟಾಪಿನ ಫ್ಲೆಕ್ಸ್‌ಗಳನ್ನು ನಿಂತು ಓದುವ ವ್ಯವಧಾನ.

ಫ್ಲೆಕ್ಸ್‌ನಿಂದಲೇ ಶುರು ಮಾಡೋಣ. ಹುಟ್ಟುಹಬ್ಬದ ಶುಭಾಶಯ, ಸೈಟು ಮಾರಾಟಗಳ ನಡುವೆ ಆಗಾಗ ಒಂದು ಪೌರಾಣಿಕ ನಾಟಕದ ಫ್ಲೆಕ್ಸ್ ಕಾಣುತ್ತದೆ. ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಆಚೆ ತುಮಕೂರಿನ ತನಕ ಈ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. 'ಕುರುಕ್ಷೇತ್ರ' ಎಲ್ಲಕ್ಕಿಂತ ಹೆಚ್ಚು. 'ದಾನಶೂರ ಕರ್ಣ', 'ಶನಿಪ್ರಭಾವ', 'ಸಂಪೂರ್ಣ ರಾಮಾಯಣ' ಆಮೇಲೆ. ಫ್ಲೆಕ್ಸ್ ತುಂಬ ಪಾತ್ರಧಾರಿಗಳ ಪಾಸ್‌ಪೋರ್ಟ್ ಸೈಜಿನ ಫೋಟೊಗಳು, ಪ್ರತಿಯೊಂದರ ಕೆಳಗೆ ಪಾತ್ರದ ಹೆಸರು. ಸ್ಥಳೀಯ ಮುಖಂಡರ ಫೋಟೊ ಸಾಮಾನ್ಯವಾಗಿ ಕೃಷ್ಣನದಕ್ಕಿಂತ ದೊಡ್ಡದಿರುತ್ತದೆ, ಅದನ್ನು ದಾಟಿ ಕೆಳಗಿನ ಸಣ್ಣ ಅಕ್ಷರಕ್ಕೆ ಹೋಗಬೇಕು. ದಿನಾಂಕ, ಸ್ಥಳ, ಹಾರ್ಮೋನಿಯಂ ಮಾಸ್ಟರ್ ಯಾರು, ಸೀನರಿ ಯಾರದು ಎಲ್ಲ ಅಲ್ಲಿರುತ್ತದೆ. ನಾಟಕ ನೋಡಿ ಪಳಗಿದವರು ಮೊದಲು ಓದುವುದು ಮಾಸ್ಟರ ಹೆಸರನ್ನೇ. ಕಂದ, ವೃತ್ತ, ಮಟ್ಟುಗಳನ್ನು ತಿಂಗಳುಗಟ್ಟಲೆ ಕಲಿಸಿ, ಆ ರಾತ್ರಿ ವೇದಿಕೆಯ ಪಕ್ಕದಲ್ಲಿ ಕುಳಿತು ಶ್ರುತಿ ತಪ್ಪಿದವರನ್ನು ಎತ್ತಿ ಹಿಡಿಯುವವರು ಅವರೇ.

ಈ ನಾಟಕಗಳ ಲೆಕ್ಕಾಚಾರ ತಿಳಿದಿದ್ದರೆ ನೋಡುವ ಸ್ವಾರಸ್ಯ ಹೆಚ್ಚು. ಸಿನಿಮಾದಲ್ಲಿ ನಟನಿಗೆ ದುಡ್ಡು ಕೊಡುತ್ತಾರೆ, ಇಲ್ಲಿ ನಟನೇ ದುಡ್ಡು ಕೊಡುತ್ತಾನೆ. ಕೃಷ್ಣ, ದುರ್ಯೋಧನ, ಭೀಮ ಮುಂತಾದ ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆ ಹಣದಲ್ಲೇ ಮಾಸ್ಟರ ಸಂಭಾವನೆ, ಪರದೆ, ಲೈಟು, ಕಿರೀಟ, ಗದೆಗಳ ಬಾಡಿಗೆ ತೀರಬೇಕು. ದ್ರೌಪದಿ, ಕುಂತಿಯರ ಪಾತ್ರಕ್ಕೆ ಮಾತ್ರ ವೃತ್ತಿಪರ ಕಲಾವಿದೆಯರನ್ನು ಕರೆಸುತ್ತಾರೆ. ಹಾಗಾಗಿ ಹಗಲು ಹಾಲಿನ ಡೇರಿಯಲ್ಲಿ ಕಂಡವರು ರಾತ್ರಿ ಮಯಸಭೆಯಲ್ಲಿ ಮೀಸೆ ತಿರುವುತ್ತಾ ನಿಂತಿರುತ್ತಾರೆ. ನಾಟಕದ ನಡುವೆ ಹಾರ ತುರಾಯಿ, ನೋಟಿನ ಮಾಲೆ, ಸನ್ಮಾನ ಎಲ್ಲ ನಡೆಯುತ್ತವೆ. ಪಾಂಡವರು ಅಷ್ಟು ಹೊತ್ತು ಕಾಯುತ್ತಾರೆ. ಇದನ್ನು ಅಡ್ಡಿ ಎಂದುಕೊಂಡು ಮುಖ ಸಿಂಡರಿಸಿದರೆ ಬೆಳಗಾಗುವುದು ಕಷ್ಟ.

ಫ್ಲೆಕ್ಸ್‌ನಲ್ಲಿ ರಾತ್ರಿ ಎಂಟು ಎಂದು ಬರೆದಿದ್ದರೂ ಭಾಷಣ ಮುಗಿದು ಪರದೆ ಏಳುವುದು ತಡ. ಮನೆಯಲ್ಲಿ ಉಂಡು ನಿಧಾನವಾಗಿ ಹೋದರೆ ನಷ್ಟವಿಲ್ಲ. ಟಿಕೆಟ್ ಇಲ್ಲ. ಕೂರಲು ಜಮಖಾನ, ಹೊದೆಯಲು ಶಾಲು ಒಯ್ಯಿರಿ. ಸಂಕ್ರಾಂತಿ ಕಳೆದ ಮೇಲೂ ಈ ಬಯಲಿನಲ್ಲಿ ಬೆಳಗಿನ ಜಾವ ಮೂರು ಗಂಟೆಯ ಚಳಿ ಜೋರು. ಬಜ್ಜಿ, ಕಡ್ಲೆಪುರಿ ಅಲ್ಲೇ ಸಿಗುತ್ತವೆ. ಸುಗ್ಗಿ ಮುಗಿದಾಗಿನಿಂದ ಮುಂಗಾರು ಹಿಡಿಯುವ ತನಕ ಇದರ ಕಾಲ. ಮಳೆಗಾಲದಲ್ಲಿ ಹುಡುಕಬೇಡಿ.

ಎರಡನೆಯ ತಿಥಿ ಘಾಟಿ ಸುಬ್ರಹ್ಮಣ್ಯದ್ದು. ದೊಡ್ಡಬಳ್ಳಾಪುರದಿಂದ ಮುಂದೆ ಬೆಟ್ಟಗಳ ನಡುವಿನ ಈ ಕ್ಷೇತ್ರಕ್ಕೆ ಭಕ್ತರು ವರ್ಷವಿಡೀ ಬರುತ್ತಾರೆ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಹಿಂದೆ ಪಶ್ಚಿಮಕ್ಕೆ ನರಸಿಂಹ. ನರಸಿಂಹನ ದರ್ಶನ ಗರ್ಭಗುಡಿಯ ಕನ್ನಡಿಯಲ್ಲಿ. ಭಕ್ತಿ ಇಲ್ಲದವರೂ ನೋಡಬೇಕಾದದ್ದು ಪುಷ್ಯ ಮಾಸದ ಷಷ್ಠಿಯ ತೇರಿಗೆ ಮುಂಚೆ, ಡಿಸೆಂಬರ್ ಕೊನೆ ಜನವರಿ ಮೊದಲ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳನ್ನು ಪೆಂಡಾಲು ಹಾಕಿ, ಕೊಂಬಿಗೆ ಎಣ್ಣೆ ಸವರಿ, ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ ನಿಲ್ಲಿಸಿರುತ್ತಾರೆ. ಹಲ್ಲು ನೋಡುವುದು, ಸುಳಿ ನೋಡುವುದು, ನಡೆಸಿ ನೋಡುವುದು ಎಲ್ಲ ಬಹಿರಂಗ. ಬೆಲೆ ಮಾತ್ರ ಟವೆಲ್ ಕೆಳಗೆ: ದಲ್ಲಾಳಿ ಬಟ್ಟೆ ಮುಚ್ಚಿ ಬೆರಳು ಹಿಡಿದು ಲೆಕ್ಕ ಹೇಳುತ್ತಾನೆ, ಪಕ್ಕದಲ್ಲಿ ನಿಂತವರಿಗೆ ಗೊತ್ತಾಗುವುದು ಅವರ ಮುಖಭಾವವಷ್ಟೇ. ತೇರಿನ ದಿನ ಹೋಗಿ "ಬರೀ ಜನ" ಎಂದು ಬೈದುಕೊಳ್ಳುವವರು ಉಂಟು. ತೇರಿಗೆ ಕೆಲವು ದಿನ ಮೊದಲು, ಬೆಳಗ್ಗೆ ಬೇಗ ಹೋಗಿ. ದನಗಳಿಗೆ ರೋಗ ಹರಡಿದ ವರ್ಷಗಳಲ್ಲಿ ಜಿಲ್ಲಾಡಳಿತ ಜಾತ್ರೆಯನ್ನೇ ನಿಲ್ಲಿಸುತ್ತದೆ, ಹೊರಡುವ ಮುಂಚೆ ಪತ್ರಿಕೆ ನೋಡಿಕೊಳ್ಳಿ.

ರೈಲು ಹತ್ತಿ ಉತ್ತರಕ್ಕೆ

ರಾಜಾನುಕುಂಟೆಗೆ ರೈಲು ನಿಲ್ದಾಣ ಇದೆ ಎನ್ನುವುದೇ ಅಪಾರ್ಟ್‌ಮೆಂಟ್ ಜನರಲ್ಲಿ ಹಲವರಿಗೆ ತಿಳಿಯದು. ಹೀಲಲಿಗೆಯಿಂದ ಇಲ್ಲಿಗೆ 'ಕನಕ' ಹೆಸರಿನ ಉಪನಗರ ರೈಲು ಬರುತ್ತದೆಂದು ಎಲ್ಲರೂ ಕಾಯುತ್ತಿದ್ದಾರೆ. ಅದು ಬಂದರೆ ನಗರದೊಳಕ್ಕೆ ಕರೆದೊಯ್ಯುತ್ತದೆ. ಈಗಾಗಲೇ ಓಡಾಡುವ ಹಿಂದೂಪುರದ ಕಡೆಯ ಪ್ಯಾಸೆಂಜರ್ ಗಾಡಿಗಳು ಬೆಟ್ಟಗಳ ಕಡೆಗೆ ಒಯ್ಯುತ್ತವೆ. ರಜೆಯ ದಿನಕ್ಕೆ ನನ್ನ ಮತ ಇವಕ್ಕೇ. ದೊಡ್ಡಬಳ್ಳಾಪುರ ದಾಟಿದ ಮೇಲೆ ಹಳಿ ಬೆಟ್ಟಗಳ ಸಂದಿಯಲ್ಲಿ ತಿರುವು ಹಾಕುತ್ತಾ ಮಾಕಳಿದುರ್ಗಕ್ಕೆ ಹೋಗುತ್ತದೆ. ಚಿಲ್ಲರೆ ಕಾಸಿನ ಟಿಕೆಟ್‌ನಲ್ಲಿ ಇಷ್ಟು ನೋಟ ಕೊಡುವ ದಾರಿ ಬೆಂಗಳೂರಿನ ಸುತ್ತ ಮತ್ತೊಂದಿಲ್ಲ. ಗಾಡಿಗಳ ಸಂಖ್ಯೆ ಕಡಿಮೆ. ಹೋಗುವ ಗಾಡಿಗಿಂತ ಮೊದಲು ವಾಪಸ್ ಗಾಡಿ ಎಷ್ಟು ಹೊತ್ತಿಗೆ, ಭಾನುವಾರ ಓಡುತ್ತದೋ ಇಲ್ಲವೋ ಎಂದು ನೋಡಿ, ಆಮೇಲೆ ತಿಂಡಿ ಕಟ್ಟಿ.

ಮಾಕಳಿದುರ್ಗ ಸುಮಾರು 1,117 ಮೀಟರ್ ಎತ್ತರದ ಬೆಟ್ಟ. ತಲೆಯ ಮೇಲೆ ಪಾಳುಬಿದ್ದ ಕೋಟೆ, ಶಿವನ ಗುಡಿ. ಹತ್ತಲು ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಮಾಡಿಕೊಂಡೇ ಹೋಗಬೇಕು. ಸ್ಟೇಷನ್ನಿನಿಂದ ಬೆಟ್ಟದ ಬುಡಕ್ಕೆ ಹಳಿಯ ಮೇಲೇ ನಡೆಯುವ ಅಭ್ಯಾಸ ಹುಡುಗರಿಗಿದೆ, ವಿಡಿಯೊಗಳಲ್ಲಿ ಅದು ಚೆಂದ ಕಾಣುತ್ತದೆ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಆ ತಿರುವುಗಳಲ್ಲಿ ಬರುವ ಗಾಡಿ ಕೊನೇ ಗಳಿಗೆಯ ತನಕ ಕಾಣುವುದಿಲ್ಲ.

ಬೆಟ್ಟ ಬೇಡ ಎನ್ನುವವರು ಗಾಡಿಯಲ್ಲೇ ಕುಳಿತು ಗೌರಿಬಿದನೂರು ದಾಟಿ ವಿದುರಾಶ್ವತ್ಥದಲ್ಲಿ ಇಳಿಯಬಹುದು. 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಧ್ವಜ ಹಾರಿಸಲು ಇಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಶಿವಪುರದ ಧ್ವಜ ಸತ್ಯಾಗ್ರಹ ನಡೆದು ಎರಡು ವಾರವೂ ಆಗಿರಲಿಲ್ಲ. ಮಡಿದವರು ಮೂವತ್ತಕ್ಕೂ ಹೆಚ್ಚು ಎನ್ನುತ್ತಾರೆ; ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಈ ಜಾಗಕ್ಕೆ ಹೆಸರಾಯಿತು. ಸ್ಮಾರಕವಿದೆ, ಚಿತ್ರಗಳ ಪ್ರದರ್ಶನವಿದೆ, ಪಕ್ಕದಲ್ಲಿ ಸಾಲು ಸಾಲು ನಾಗರಕಲ್ಲುಗಳ ದೇವಸ್ಥಾನ. ಶಾಲೆಯ ಮಕ್ಕಳಿರುವ ಮನೆಯವರಿಗೆ ಇದನ್ನು ಮೊದಲು ಹೇಳುತ್ತೇನೆ: ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಊರಿಗೆ ರೈಲಿನಲ್ಲಿ ಹೋಗಿ ಬರುವುದು ಮಕ್ಕಳಿಗೆ ಮರೆಯುವಂಥದಲ್ಲ.

ಹೆಸರಘಟ್ಟದ ಬಯಲು

ರಾಜಾನುಕುಂಟೆಯಿಂದ ಪಶ್ಚಿಮಕ್ಕೆ, ಕಾಕೋಳು ಹಾದು ಸೈಕಲ್ಲಿನಲ್ಲಿ ಹೋಗಬಹುದಾದಷ್ಟು ದೂರದಲ್ಲಿ ಹೆಸರಘಟ್ಟ. ಬೆಂಗಳೂರಿಗೆ ಕೊಳಾಯಿ ನೀರು ಕೊಡಲು 1890ರ ದಶಕದಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿ ಮಾಡಿದ ಕೆರೆ ಇದು. ದಶಕಗಳ ಕಾಲ ಬತ್ತಿದಂತೆಯೇ ಇದ್ದು, 2022ರ ಮಳೆಗೆ ಮತ್ತೆ ನೀರು ಕಂಡಿತು. ಕೆರೆಗಿಂತ ವಿಶೇಷ ಅದರ ಪಕ್ಕದ ಹುಲ್ಲುಗಾವಲು. ಮರವಿಲ್ಲದ ಬಯಲನ್ನು 'ಖಾಲಿ ಜಾಗ' ಎಂದು ನೋಡುವುದು ನಮ್ಮ ಅಭ್ಯಾಸ. ಫಿಲಂ ಸಿಟಿಗೆ ಕೊಡಿ, ಇನ್ನೊಂದಕ್ಕೆ ಕೊಡಿ ಎಂಬ ಮಾತು ಇದರ ಬಗ್ಗೆಯೂ ಬಹಳ ವರ್ಷ ನಡೆಯಿತು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು.

ಇಲ್ಲಿಗೂ ಕಾಲವಿದೆ. ನವೆಂಬರಿನಿಂದ ಫೆಬ್ರವರಿ, ಸೂರ್ಯ ಹುಟ್ಟುವ ಹೊತ್ತು ಅಥವಾ ಇಳಿಯುವ ಹೊತ್ತು. ಉತ್ತರದ ದೇಶಗಳಿಂದ ಚಳಿಗಾಲ ಕಳೆಯಲು ಬರುವ ಹ್ಯಾರಿಯರ್ ಜಾತಿಯ ಬೇಟೆಹಕ್ಕಿಗಳು ಹುಲ್ಲಿನ ತುದಿ ತಾಗುವಷ್ಟು ಕೆಳಗೆ ತೇಲುತ್ತಾ ಹೋಗುವುದು ಕಾಣುವುದು ಆಗಲೇ. ಮಧ್ಯಾಹ್ನ ಹನ್ನೆರಡಕ್ಕೆ ಹೋದವರಿಗೆ ಸಿಗುವುದು ಬಿಸಿಲು. ಬೈಕು, ಜೀಪುಗಳನ್ನು ಹುಲ್ಲಿನೊಳಕ್ಕೆ ಇಳಿಸಬೇಡಿ. ಟಿಟ್ಟಿಭದಂಥ ಹಕ್ಕಿಗಳು ಮೊಟ್ಟೆ ಇಡುವುದು ನೆಲದ ಮೇಲೆ, ಕಲ್ಲಿನ ಬಣ್ಣದ ಮೊಟ್ಟೆ ಚಕ್ರದ ಕೆಳಗೆ ಸಿಕ್ಕಿದ್ದೂ ಗೊತ್ತಾಗುವುದಿಲ್ಲ.

ಅಲ್ಲೇ ನೃತ್ಯಗ್ರಾಮ. ಒಡಿಸ್ಸಿ ನರ್ತಕಿ ಪ್ರತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯ ಗುರುಕುಲ. ಕಲ್ಲು ಮಣ್ಣಿನ ಕಟ್ಟಡಗಳು ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರ ವಿನ್ಯಾಸ. ಇಲ್ಲಿನ ತಂಡ ಪ್ರಪಂಚದ ದೊಡ್ಡ ವೇದಿಕೆಗಳಲ್ಲಿ ಕುಣಿಯುತ್ತದೆ, ಪಕ್ಕದ ಊರಿನ ನಾವು ಗೇಟು ನೋಡಿ ವಾಪಸಾಗುತ್ತೇವೆ. ಅದು ಕಲಿಯುವವರ ಮನೆ, ಪಿಕ್ನಿಕ್ ಜಾಗವಲ್ಲ. ಮೊದಲೇ ಫೋನು ಮಾಡಿ, ನೋಡಲು ಬರಬಹುದಾದ ವೇಳೆ ಕೇಳಿಕೊಂಡು ಹೋಗಿ.

ಕೈತೋಟದವರಿಗೆ ಹೆಸರಘಟ್ಟದ ಆಕರ್ಷಣೆ ಬೇರೆಯೇ. 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿ. ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ರಕ್ಷಕ್ ಟೊಮೆಟೊ ಇತ್ಯಾದಿ ತಳಿಗಳ ಹೆಸರಿನ 'ಅರ್ಕಾ' ಪಕ್ಕದ ಅರ್ಕಾವತಿಯದೇ. ಬೀಜ ಕೊಳ್ಳಬಹುದು, ವರ್ಷದ ಮೊದಲ ತಿಂಗಳುಗಳಲ್ಲಿ ತೋಟಗಾರಿಕಾ ಮೇಳ ಮಾಡಿದಾಗ ಹೋದರೆ ಬೆಳೆದು ನಿಂತ ಗಿಡಗಳನ್ನೇ ನೋಡಬಹುದು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ. ಅದಕ್ಕೆ ವಾರದ ದಿನ ಹೋಗುವುದು ಲೇಸು, ಭಾನುವಾರ ಮುದ್ದೆ ಊಟದ ಸಾಲಿನಲ್ಲೇ ಅರ್ಧ ಮೇಳ ಮುಗಿಯುತ್ತದೆ.

ಆಕಾಶದ ಜಾತ್ರೆಯೊಂದಿದೆ, ಅದಕ್ಕೆ ಊರು ಬಿಟ್ಟು ಹೋಗಬೇಕಾಗಿಯೇ ಇಲ್ಲ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ನಡೆಯುತ್ತಿದೆ, ಹೆಚ್ಚೂಕಡಿಮೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಹಿಂದಿನದು 2025ರದು. ಪ್ರದರ್ಶನಕ್ಕೆ ಮುಂಚಿನ ದಿನಗಳಲ್ಲಿ ವಿಮಾನಗಳು ತಾಲೀಮು ಮಾಡುತ್ತವೆ. ಟಿಕೆಟ್ ಕೊಂಡು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಬದಲು ತಾಲೀಮಿನ ದಿನ ನಮ್ಮದೇ ತಾರಸಿ ಹತ್ತುವುದು ಜಾಣತನ. ಡ್ರೋನ್ ಮಾತ್ರ ಹಾರಿಸಬೇಡಿ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಸೇರಿ ವಿಮಾನಕ್ಕೆ ಬಡಿಯಬಾರದೆಂದು 2025ರಲ್ಲಿ ಪಾಲಿಕೆ ವಾಯುನೆಲೆಯಿಂದ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೇ ನಿಲ್ಲಿಸಿತ್ತು. ಆ ವಾರ ನೆಂಟರನ್ನು ನಾಟಿಕೋಳಿ ಸಾರಿಗೆ ಕರೆಯುವ ಮುಂಚೆ ಯೋಚಿಸಿ.

ತಿಥಿಯಿಲ್ಲದ ವಾರಗಳಿಗೂ ಏನಾದರೂ ಬೇಕಲ್ಲ. ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಹೋಗುವವರಿದ್ದರೆ ಬಾಗಿಲು ತೆರೆದಿರುತ್ತದೆ, ಯಾರೂ ಹೋಗದಿದ್ದರೆ ಮುಚ್ಚಿರುತ್ತದೆ. ಬೆಳಗಿನ ನಡಿಗೆ, ಸೈಕಲ್ಲಿಗೆ ಯಲಹಂಕದ ಕಡೆಯ ಜಾರಕಬಂಡೆ ಕಾವಲ್ ಇದೆ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ರಸ್ತೆ ಬದಿಗೆ ಬಂದಾಗ ನಾಲ್ಕು ಮನೆಯವರು ಕೂತು ಹಿತಕಿದರೆ ಅದೇ ಒಂದು ಸಂಜೆ.

ಖರ್ಚಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ, ಗುರುತಿನ ಚೀಟಿ ಇದ್ದರೆ ದೊಡ್ಡಬಳ್ಳಾಪುರ, ಘಾಟಿಯ ದಾರಿ ಬಿಟ್ಟಿ. ರೈಲಿಗೆ ಚಿಲ್ಲರೆ ಸಾಕು. ದುಬಾರಿಯಾಗುವುದು ಹೆಸರಘಟ್ಟದ ಅಡ್ಡದಾರಿ: ಹೋಗುವಾಗ ಶೇರ್ ಆಟೊ ಸಿಕ್ಕರೂ ಹೊತ್ತು ಮುಳುಗಿದ ಮೇಲೆ ಆ ರಸ್ತೆಯಲ್ಲಿ ಗಾಡಿ ಅಪರೂಪ. ಸ್ವಂತ ವಾಹನ ಇಲ್ಲದವರು ಹೋದ ಆಟೊದವರ ನಂಬರು ಬರೆದುಕೊಂಡು, ವಾಪಸಿನ ಬಾಡಿಗೆಯನ್ನೂ ಇಳಿಯುವಾಗಲೇ ಮಾತಾಡಿಕೊಳ್ಳಬೇಕು.