ಕಾದಂಬರಿಯ ಪಾತ್ರ ಮತ್ತು ವಾಚಕನ ಸ್ವಾನುಭವ

ಹಿರಿಯ ಕಾದಂಬರಿಯೊಂದನ್ನು ಕೈಗೆತ್ತಿಕೊಂಡ ವಾಚಕನು ಅದರ ಪಾತ್ರಗಳಲ್ಲಿ ಮೊದಲು ಅರಸುವುದು ತನ್ನನ್ನೇ. ಇದು ಸಹಜವಾದುದು, ಆದರೆ ಓದಿನ ಆರಂಭವೇ ಹೊರತು ಅದರ ಕೊನೆಯಲ್ಲ. 1940ರ ದಶಕದ ಆರಂಭದಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಇದಕ್ಕೆ ಒಳ್ಳೆಯ ನಿದರ್ಶನ.

1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರಿಗೆ ಚಿರಪರಿಚಿತವಾದ ಕಡಲತೀರವೇ ಕಥೆಯ ನೆಲೆ. ಕೋಡಿಯ ಒಂದು ಬ್ರಾಹ್ಮಣ ಮನೆತನದ ಮೂರು ತಲೆಮಾರುಗಳ ಬಾಳು ಅದರ ವಸ್ತು. ರಾಮ ಐತಾಳರು ಮೊದಲಿಗರು. ಇಂಗ್ಲಿಷ್ ವಿದ್ಯೆ ಕಲಿತೂ ಹಾದಿತಪ್ಪುವ ಲಚ್ಚ ಅವರ ಮಗ. ಲಚ್ಚನ ಮಗ ರಾಮನು ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯದ ಚಳವಳಿಗೆ ಧುಮುಕಿ, ಕೆಲಸವನ್ನರಸಿ ಮುಂಬಯಿಗೂ ಹೋಗಿ, ಕೊನೆಗೆ ಊರಿಗೆ ಮರಳುತ್ತಾನೆ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗನಿಗೆ ಈ ರಾಮನು ಕೂಡಲೇ ಆಪ್ತನಾಗುವುದರಲ್ಲಿ ಆಶ್ಚರ್ಯವಿಲ್ಲ. ಬಾಡಿಗೆಯ ಕೋಣೆ, ಉದ್ಯೋಗದ ಅಲೆದಾಟ, ಊರಿನ ಹಂಬಲ ಇವನ್ನು ಕಂಡುಂಡವನಿಗೆ ರಾಮನ ಕಳವಳವನ್ನು ಯಾರೂ ವಿವರಿಸಬೇಕಾಗಿಲ್ಲ. ಭಾರತೀಯ ಕಾವ್ಯಮೀಮಾಂಸೆಯು ಹೃದಯಸಂವಾದವೆಂದು ಕರೆದುದು ಇಂತಹ ಸ್ಪಂದನವನ್ನೇ.

ಅದೇ ಮೀಮಾಂಸೆಯಲ್ಲಿ ಒಂದು ಎಚ್ಚರಿಕೆಯೂ ಉಂಟು. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಸ್ವಂತ ಸುಖದುಃಖಗಳಿಗೆ ಪರವಶನಾಗುವುದು ಅವುಗಳಲ್ಲೊಂದು. ರಾಮನಲ್ಲಿ ತನ್ನನ್ನು ಕಂಡ ವಾಚಕನು ಅಲ್ಲಿಯೇ ನಿಂತರೆ, ಕಾದಂಬರಿಯು ಅವನ ಆತ್ಮಕಥೆಯಾಗಿ ಕುಗ್ಗುತ್ತದೆ. ಊರಿನಲ್ಲಿ ಉಳಿದವರು ಅವನ ಕಣ್ಣಿಗೆ ಬೀಳುವುದಿಲ್ಲ. ಗದ್ದೆಯ ದುಡಿಮೆಯಲ್ಲಿ ಸವೆದ ಪಾರೋತಿ, ತಮ್ಮದೆನ್ನುವ ಸಂಸಾರವಿಲ್ಲದೆಯೂ ಮನೆಗಾಗಿ ಜೀವ ತೇಯ್ದ ವಿಧವೆ ಸರಸೋತಿ, ಗಂಡನ ದುರ್ನಡತೆಯಿಂದ ಬೆಂದೂ ಮಗನನ್ನು ಬೆಳೆಸಿದ ನಾಗವೇಣಿ ಇವರ ಹೆಗಲ ಮೇಲೆಯೇ ಮನೆತನದ ಭಾರವಿತ್ತು. ರಾಮನ ಮರಳುವಿಕೆಗೆ ಅರ್ಥ ಬಂದುದು ಇವರ ಬಾಳಿನಿಂದ.

ಇಂತಹ ಬಾಳು ಹೆಚ್ಚಿನ ವಾಚಕರ ಸ್ವಾನುಭವದಲ್ಲಿಲ್ಲ. ಅನುಭವವು ಒದಗದ ಈ ಎಡೆಯಲ್ಲಿಯೇ ಕಾದಂಬರಿಯ ನಿಜವಾದ ಕೆಲಸ ಮೊದಲಾಗುತ್ತದೆ. ವಯಸ್ಸೂ ಇದಕ್ಕೆ ನೆರವಾಗುತ್ತದೆ: ಇಪ್ಪತ್ತರಲ್ಲಿ ರಾಮನೊಡನೆ ಊರು ಬಿಟ್ಟ ವಾಚಕನು, ತನ್ನ ಮಕ್ಕಳು ದೂರ ಹೋದ ಮೇಲೆ ಅದೇ ಪುಟಗಳನ್ನು ನಾಗವೇಣಿಯ ಪಕ್ಕದಲ್ಲಿ ಕುಳಿತು ಓದುತ್ತಾನೆ. ತಾನು ಹೊರಟ ದಿನ ತನ್ನ ತಾಯಿ ಹೇಳದೆ ನುಂಗಿಕೊಂಡ ಮಾತು ಯಾವುದೆಂಬ ಪ್ರಶ್ನೆ ಅವನಿಗೆ ಆಗ ಏಳುತ್ತದೆ. ಆ ಪ್ರಶ್ನೆಗೆ ಕಾದಂಬರಿಯು ಉತ್ತರ ಕೊಡಲಾರದು. ಆದರೆ ಅದನ್ನು ಕೇಳುವಂತೆ ಮಾಡಿದುದು ಕಾದಂಬರಿಯೇ.